ಬಿಪಿ ಮತ್ತು ರಕ್ತನಾಳದ ಸಣ್ಣ ಬಾಗಿಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಲ್ಲಿ ನನ್ನದೊಂದು ಔಷಧ ಅಂಗಡಿ ಇದೆ. ಬೆಳಿಗ್ಗೆ ಶಟರ್ ಎತ್ತಿದ ಮೊದಲ ತಾಸಿನಲ್ಲಿ ಬರುವವರು ಹೆಚ್ಚಾಗಿ ಬಿಪಿ ಗುಳಿಗೆಯವರು. ಚೀಟಿ ಕೊಡುತ್ತಾರೆ, ಗುಳಿಗೆ ತಗೊಳ್ಳುತ್ತಾರೆ, ಚಿಲ್ಲರೆ ಎಣಿಸುತ್ತಾ ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಾರೆ. ಡಾಕ್ಟರ ಎದುರು ಕೇಳಲು ಬಾಯಿ ಬರದ ಪ್ರಶ್ನೆ. ಹಿಂದೆ ನಾಲ್ಕು ಜನ ನಿಂತಿರುವಾಗ ನಾನು ಕೊಡುವ ಉತ್ತರ ಅರ್ಧಂಬರ್ಧ. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಪೂರ್ತಿ ಬಿಡಿಸಿ ಬರೆದಿದ್ದೇನೆ.

ನಾನು ಡಾಕ್ಟರ್ ಅಲ್ಲ, ಗುಳಿಗೆ ಕೊಡುವವನು. ಡೋಸ್ ಬದಲಿಸುವುದು, ಗುಳಿಗೆ ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ. ಆದರೆ ಒಳಗೆ ಹೋದ ಗುಳಿಗೆ ಎಂತ ಮಾಡುತ್ತದೆ ಎನ್ನುವುದು ತಿಂದವರಿಗೆ ಗೊತ್ತಿರಬೇಕು ಅಲ್ವಾ?

ಬಿಪಿ ಅಂದ್ರೆ ರಕ್ತ ದಪ್ಪ ಆಗೋದಾ?

ಅಲ್ಲ. ಬಿಪಿ ಇದ್ದ ಹೆಚ್ಚಿನವರಲ್ಲಿ ರಕ್ತ ಹೇಗಿರಬೇಕೋ ಹಾಗೇ ಇರುತ್ತದೆ. ಬದಲಾಗಿರುವುದು ಅದು ಹರಿಯುವ ದಾರಿ. ಅದರಲ್ಲೂ ದೊಡ್ಡ ನಾಳಗಳಲ್ಲ, ಕೂದಲಿನಷ್ಟು ಸಣ್ಣ ನಾಳಗಳು. ಇವು ಸ್ವಲ್ಪ ಬಿಗಿಯಾದರೂ ಸಾಕು, ಹಿಂದೆ ಒತ್ತಡ ಏರುತ್ತದೆ.

ಎಷ್ಟು ಸ್ವಲ್ಪ? ಶಿರಸಿ ಕಡೆ ಅಡಿಕೆ ತೋಟಕ್ಕೆ ಪೈಪು ಎಳೆದವರಿಗೆ ಈ ಲೆಕ್ಕ ಅನುಭವದಿಂದಲೇ ಗೊತ್ತು. ಪೈಪಿನ ಬಾಯಿ ಅರ್ಧಕ್ಕೆ ಇಳಿದರೆ ನೀರಿಗೆ ಆಗುವ ತಡೆ ಎರಡು ಪಟ್ಟಲ್ಲ, 16 ಪಟ್ಟು. ತ್ರಿಜ್ಯದ ನಾಲ್ಕನೇ ಘಾತದ ಲೆಕ್ಕ ಅದು. ರಕ್ತನಾಳಕ್ಕೂ ಹೆಚ್ಚುಕಮ್ಮಿ ಅದೇ ಲೆಕ್ಕ. ನಾಳದ ಒಳಅಳತೆ ನೂರಕ್ಕೆ 16ರಷ್ಟು ಕುಗ್ಗಿದರೆ ತಡೆ ಎರಡು ಪಟ್ಟಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಿಗಿತ, ಆದರೆ ಮಿಷನ್ನಿನಲ್ಲಿ ಕಾಣುತ್ತದೆ.

ನಾಳವನ್ನು ಬಿಗಿ ಮಾಡೋರು ಯಾರು?

ಅದರ ಗೋಡೆಯಲ್ಲೇ ಇರುವ ಸ್ನಾಯು. ಸಣ್ಣ ಅಪಧಮನಿಯ ಸುತ್ತ ಬಳೆ ತೊಡಿಸಿದ ಹಾಗೆ ಸ್ನಾಯುಕೋಶಗಳು ಸುತ್ತಿಕೊಂಡಿರುತ್ತವೆ. ಅವು ಎಳೆದುಕೊಂಡರೆ ನಾಳ ಸಣ್ಣದಾಗುತ್ತದೆ, ಸಡಿಲ ಬಿಟ್ಟರೆ ಅಗಲವಾಗುತ್ತದೆ. ಕೈಕಾಲಿನ ಸ್ನಾಯುವಿನ ಹಾಗೆ ನಾವು ಹೇಳಿದ್ದನ್ನು ಇದು ಕೇಳುವುದಿಲ್ಲ.

ಇದಕ್ಕೆ ಇನ್ನೊಂದು ಗುಣ ಇದೆ. ಒಳಗಿನಿಂದ ಒತ್ತಡ ಜಾಸ್ತಿ ಆದರೆ ಸುಮ್ನೆ ಉಬ್ಬುವುದಿಲ್ಲ, ತಿರುಗಿ ಬಿಗಿಯುತ್ತದೆ. ಇಂಗ್ಲೆಂಡಿನ ವಿಲಿಯಂ ಬೇಲಿಸ್ 1902ರಲ್ಲೇ ಇದನ್ನು ಗುರುತಿಸಿದರು. ಮೆದುಳು, ಮೂತ್ರಪಿಂಡಕ್ಕೆ ರಕ್ತ ಒಮ್ಮೆಲೇ ನುಗ್ಗದಂತೆ ಕಾಯುವುದು ಈ ಗುಣವೇ. ಆದರೆ ವರ್ಷಗಟ್ಟಲೆ ಬಿಗಿದೇ ಇದ್ದರೆ ಆ ಗೋಡೆ ದಪ್ಪವಾಗಿ, ಸಡಿಲ ಆಗುವುದನ್ನೇ ಮರೆಯುತ್ತದೆ.

ಅಯಾನ್ ಚಾನೆಲ್ ಅಂದ್ರೆ ಎಂತದು?

ಅಘನಾಶಿನಿ ಹೊಳೆಯ ಗಜನಿ ಗದ್ದೆ ನೋಡಿದವರಿಗೆ ಹೇಳುವುದು ಸುಲಭ. ಹೊರಗೆ ಉಪ್ಪುನೀರು, ಒಳಗೆ ಕಗ್ಗ ಭತ್ತದ ಗದ್ದೆ, ನಡುವೆ ಕಟ್ಟೆ. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆ ಬಾಗಿಲು. ಉಬ್ಬರದ ಹೊತ್ತಿಗೆ ಬಾಗಿಲು ತೆರೆದಿದ್ದರೆ ನೀರನ್ನು ಯಾರೂ ಒಳಗೆ ತಳ್ಳಬೇಕಾಗಿಲ್ಲ, ಅದೇ ನುಗ್ಗುತ್ತದೆ.

ನಮ್ಮ ಪ್ರತಿ ಜೀವಕೋಶವೂ ಇಂಥದೇ ಗದ್ದೆ. ಅದರ ಪೊರೆ ಕಟ್ಟೆ. ಪೊರೆಯಲ್ಲಿ ಪ್ರೋಟೀನಿನಿಂದ ಆದ ಬಾಗಿಲುಗಳಿವೆ. ಅವೇ ಅಯಾನ್ ಚಾನೆಲ್‌ಗಳು. ಕ್ಯಾಲ್ಸಿಯಂ, ಪೊಟ್ಯಾಶಿಯಂ, ಸೋಡಿಯಂ, ಕ್ಲೋರೈಡ್ ಇವೆಲ್ಲ ವಿದ್ಯುತ್ ಹೊತ್ತ ಕಣಗಳು. ಅಯಾನ್ ಅಂದರೆ ಅದೇ. ಒಂದೊಂದಕ್ಕೆ ಒಂದೊಂದು ಬಾಗಿಲು. ಪೊಟ್ಯಾಶಿಯಂ ಬಾಗಿಲಲ್ಲಿ ಕ್ಯಾಲ್ಸಿಯಂ ನುಸುಳಲು ಬಿಡುವುದಿಲ್ಲ.

ಕೋಶದ ಹೊರಗಿರುವ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ಗಜನಿ ಹೊರಗಿನ ಉಬ್ಬರಕ್ಕೂ ಅಷ್ಟು ಜೋರಿಲ್ಲ. ಬಾಗಿಲು ತೆರೆದಿರುವುದು ಸೆಕೆಂಡಿನ ಸಾವಿರದ ಕೆಲವೇ ಪಾಲು. ಅಷ್ಟರಲ್ಲೇ ಸಾವಿರಾರು ಅಯಾನು ಒಳಗೆ ಬಂದಿರುತ್ತವೆ. ಗಜನಿ ಹೋಲಿಕೆ ಸೋಲುವುದು ಇಲ್ಲಿ. ಹಲಗೆ ಬಾಗಿಲು ದಿನಕ್ಕೆ ನಾಲ್ಕು ಸಲ ಅಲ್ಲಾಡಿದರೆ ಹೆಚ್ಚು, ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸಲ ತೆರೆದು ಮುಚ್ಚಬಲ್ಲದು. ಒಂದೇ ಒಂದು ಚಾನೆಲ್ ಹೀಗೆ ತೆರೆದು ಮುಚ್ಚುವುದನ್ನು ಅಳೆಯುವ ವಿಧಾನವನ್ನು ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್ಮನ್ 1976ರಲ್ಲಿ ತೋರಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಬಂತು.

ಕ್ಯಾಲ್ಸಿಯಂ ಒಳಗೆ ಬಂದ್ರೆ ನಾಳಕ್ಕೆ ಏನಾಗುತ್ತೆ?

ಬಿಗಿಯುತ್ತದೆ. ಒಳಬಂದ ಕ್ಯಾಲ್ಸಿಯಂ ಕ್ಯಾಲ್ಮೋಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಜೋಡಿ ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಸ್ನಾಯುವಿನ ಎಳೆಗಳಿಗೆ 'ಎಳೀರಿ' ಎಂದು ಹೇಳುತ್ತದೆ.

ನಾಳದ ಸ್ನಾಯುವಿನಲ್ಲಿ ಈ ಕೆಲಸದ ಮುಖ್ಯ ಬಾಗಿಲಿಗೆ ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್ ಎನ್ನುತ್ತಾರೆ. ಅದು ಪೊರೆಯ ವೋಲ್ಟೇಜ್ ನೋಡಿ ತೆರೆಯುತ್ತದೆ. ಹೌದು, ನಮ್ಮ ಒಂದೊಂದು ಕೋಶಕ್ಕೂ ವೋಲ್ಟೇಜ್ ಇದೆ. ಒತ್ತಡದಲ್ಲಿರುವ ಸಣ್ಣ ನಾಳದ ಸ್ನಾಯುವಿನಲ್ಲಿ ಹೊರಗಿಗಿಂತ ಒಳಗೆ ಸುಮಾರು 40 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಈ ಅಂತರ ಕಡಿಮೆಯಾದರೆ ಕ್ಯಾಲ್ಸಿಯಂ ಬಾಗಿಲು ಜಾಸ್ತಿ ತೆರೆಯುತ್ತದೆ. ಹೆಚ್ಚಾದರೆ ಮುಚ್ಚಿಕೊಳ್ಳುತ್ತದೆ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಸ್ನಾಯುವಿಗೆ ಕ್ಯಾಲ್ಸಿಯಂ ಬೇಕು ಎಂದು ತಿಳಿದದ್ದೂ ಒಂದು ಎಡವಟ್ಟಿನಿಂದ. 1880ರ ದಶಕದಲ್ಲಿ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟಿದ್ದರು. ಬಟ್ಟಿ ಇಳಿಸಿದ ನೀರು ಬಳಸಬೇಕಾದಲ್ಲಿ ಅವರ ಸಹಾಯಕ ನಲ್ಲಿ ನೀರು ಬಳಸಿದ್ದ. ಸರಿಯಾದ ನೀರು ಹಾಕಿದ ಮೇಲೆ ಹೃದಯದ ಬಡಿತ ಕುಗ್ಗಿತು! ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅಷ್ಟು ದಿನ ಅದನ್ನು ನಡೆಸಿತ್ತು. ಇವತ್ತು ಆಸ್ಪತ್ರೆಯಲ್ಲಿ ಏರಿಸುವ 'ಆರ್‌ಎಲ್' ಬಾಟಲಿಯ 'ಆರ್' ಅವರ ಹೆಸರೇ.

ಪೊಟ್ಯಾಶಿಯಂ ಚಾನೆಲ್ ಏನು ಮಾಡುತ್ತೆ?

ಬ್ರೇಕ್ ಹಾಕುತ್ತದೆ. ಪೊಟ್ಯಾಶಿಯಂ ಕೋಶದ ಒಳಗೆ ಜಾಸ್ತಿ, ಹೊರಗೆ ಕಡಿಮೆ. ಅದರ ಬಾಗಿಲು ತೆರೆದರೆ ಹೊರಗೆ ಹರಿಯುತ್ತದೆ, ಹೋಗುವಾಗ ತನ್ನ ಧನ ವಿದ್ಯುತ್ತನ್ನೂ ಹೊತ್ತುಕೊಂಡು ಹೋಗುತ್ತದೆ. ಒಳಗಿನ ವೋಲ್ಟೇಜ್ ಮತ್ತೂ ಇಳಿಯುತ್ತದೆ, ಕ್ಯಾಲ್ಸಿಯಂ ಬಾಗಿಲು ಮುಚ್ಚುತ್ತದೆ, ನಾಳ ಸಡಿಲಾಗುತ್ತದೆ.

ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇಲ್ಲೇ ಇದೆ. ಸ್ನಾಯುಕೋಶದ ಒಳಗೆ ಕ್ಯಾಲ್ಸಿಯಂ ಕೂಡಿಟ್ಟ ಒಂದು ಕಣಜ ಇದೆ. ಅಲ್ಲಿಂದ ಆಗಾಗ ಒಂದು ಚಿಟಿಕೆ ಕ್ಯಾಲ್ಸಿಯಂ ಪೊರೆಯ ಪಕ್ಕದಲ್ಲೇ ಚಿಮ್ಮುತ್ತದೆ. ಕ್ಯಾಲ್ಸಿಯಂ ಕಿಡಿ ಎನ್ನಬಹುದು. ಕ್ಯಾಲ್ಸಿಯಂ ಅಂದ ಮೇಲೆ ಬಿಗಿಯಬೇಕು ಅಲ್ವಾ? ಆಗುವುದು ಉಲ್ಟಾ. ಆ ಕಿಡಿ ಪಕ್ಕದಲ್ಲಿರುವ ಬಿಕೆ ಎಂಬ ದೊಡ್ಡ ಪೊಟ್ಯಾಶಿಯಂ ಬಾಗಿಲುಗಳನ್ನು ತೆರೆಸುತ್ತದೆ, ನಾಳ ಸಡಿಲಾಗುತ್ತದೆ. 1995ರಲ್ಲಿ ಇದು ಬೆಳಕಿಗೆ ಬಂತು. ಕೋಶದ ತುಂಬ ಹರಡಿದ ಕ್ಯಾಲ್ಸಿಯಂ ಬಿಗಿಸುತ್ತದೆ, ಪೊರೆಯ ಅಂಚಿನಲ್ಲಿ ಸಿಡಿದ ಕ್ಯಾಲ್ಸಿಯಂ ಸಡಿಲಿಸುತ್ತದೆ. ಒಂದೇ ವಸ್ತು, ಇರುವ ಜಾಗ ಬೇರೆ.

ಬಿಕೆ ಬಾಗಿಲಿಗೆ ಬೀಟಾ-1 ಎಂಬ ಒಂದು ಸಹಾಯಕ ತುಂಡು ಇದೆ. ಕಿಡಿ ಬಿದ್ದ ಕೂಡಲೇ ಬಾಗಿಲಿಗೆ ಅದು ತಿಳಿಯುವುದು ಈ ತುಂಡಿನಿಂದ. 2000ದಲ್ಲಿ ಇದೊಂದನ್ನೇ ತೆಗೆದ ಇಲಿಗಳನ್ನು ನೋಡಿದಾಗ ಅವುಗಳ ಬಿಪಿ ಏರಿತ್ತು.

ನಾಳದ ಒಳಮೈಗೆ ಇದರಲ್ಲಿ ಕೆಲಸ ಇಲ್ವಾ?

ಇದೆ, ಮತ್ತು ಅದು ಸ್ನಾಯುವಿಗಿಂತ ಚುರುಕು. ರಕ್ತಕ್ಕೆ ತಾಗಿಕೊಂಡು ಒಂದೇ ಪದರ ಕೋಶಗಳ ಒಳಮೈ ಇದೆ. ರಕ್ತ ಉಜ್ಜಿಕೊಂಡು ಹೋಗುವುದು ಅದಕ್ಕೆ ತಿಳಿಯುತ್ತದೆ. ತಿಳಿಸುವ ಬಾಗಿಲುಗಳಲ್ಲಿ ಒಂದು ಪೀಜೋ-1. ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ ಅದನ್ನು ಪತ್ತೆ ಮಾಡಿತು. 2021ರ ನೊಬೆಲ್ ಅವರಿಗೂ ಡೇವಿಡ್ ಜೂಲಿಯಸ್ ಅವರಿಗೂ ಹೋಯಿತು.

ಈ ಬಾಗಿಲಿನಿಂದ ಒಳಮೈಯ ಕೋಶಕ್ಕೆ ಕ್ಯಾಲ್ಸಿಯಂ ಬಂದರೆ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ. ಅನಿಲ ಪಕ್ಕದ ಸ್ನಾಯುವಿಗೆ ಹೋಗಿ ಅದನ್ನು ಸಡಿಲಿಸುತ್ತದೆ. ಈ ಅನಿಲದ ಕಥೆಗೆ 1998ರ ನೊಬೆಲ್ ಸಿಕ್ಕಿತು. ಸಂಜೆ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಬೀಸಾಗಿ ನಡೆದರೆ ಬಿಪಿಗೆ ಒಳ್ಳೆಯದು ಎನ್ನುವುದಕ್ಕೆ ಇದೂ ಒಂದು ಕಾರಣ. ರಕ್ತದ ಓಟ ಜಾಸ್ತಿ, ಉಜ್ಜುವುದು ಜಾಸ್ತಿ, ಅನಿಲ ಜಾಸ್ತಿ.

ಹಾಗಾದ್ರೆ ಬಿಪಿ ಇದ್ದವರಲ್ಲಿ ಯಾವ ಬಾಗಿಲು ಕೆಟ್ಟಿರುತ್ತೆ?

ನನ್ನ ಅಜ್ಜನ ಮನೆಯ ಗಜನಿಯಲ್ಲಿ ಒಮ್ಮೆ ಒಂದು ಕಟ್ಟಿಗೆ ತುಂಡು ಬಾಗಿಲಿನ ಸಂದಿಗೆ ಸಿಕ್ಕಿಬಿತ್ತು. ಹಲಗೆ ಪೂರ್ತಿ ಕೂರಲಿಲ್ಲ. ನಾಲ್ಕು ಬೆರಳಿನಷ್ಟು ಸಂದಿ ಅಷ್ಟೇ. ರಾತ್ರಿ ಯಾರೂ ನೋಡಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆ ತುಂಬ ಹೊಳೆ ನೀರು, ಸಸಿಯ ತುದಿ ಮಾತ್ರ ಕಾಣುತ್ತಿತ್ತು. ಅಜ್ಜ ಕಟ್ಟೆಯ ಮೇಲೆ ಕೂತು ಆ ಕಟ್ಟಿಗೆ ತುಂಡನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಬಿಪಿ ಹೆಚ್ಚಾಗಿ ಇಂಥ ಸಂದಿಯ ಕಾಯಿಲೆ. ಪೂರ್ತಿ ಮುರಿದ ಬಾಗಿಲು ಅಪರೂಪ. ಪ್ರಯೋಗಾಲಯದಲ್ಲಿ ಕಂಡದ್ದು ಏನೆಂದರೆ, ಸ್ನಾಯುವಿನ ಪೊರೆಯಲ್ಲಿ ಎಲ್-ಟೈಪ್ ಕ್ಯಾಲ್ಸಿಯಂ ಬಾಗಿಲುಗಳು ಜಾಸ್ತಿಯಾಗಿರುತ್ತವೆ. ಪೊಟ್ಯಾಶಿಯಂ ಬ್ರೇಕ್ ದುರ್ಬಲವಾಗಿರುತ್ತದೆ, ಬೀಟಾ-1 ತುಂಡು ಕಡಿಮೆಯಾಗಿರುತ್ತದೆ. ಹಾಗಾಗಿ ವೋಲ್ಟೇಜಿನ ಅಂತರ ಕುಗ್ಗಿ ಕ್ಯಾಲ್ಸಿಯಂ ಸದಾ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತದೆ. ಒಳಮೈಯ ನೈಟ್ರಿಕ್ ಆಕ್ಸೈಡ್ ಕೂಡ ಸ್ನಾಯುವಿಗೆ ಮುಟ್ಟುವ ಮೊದಲೇ ಹಾಳಾಗುತ್ತದೆ. ಆಕ್ಸಿಲರೇಟರ್ ಒತ್ತುವವರು, ಬ್ರೇಕ್ ಬಿಟ್ಟವರು, ಎರಡೂ ಒಟ್ಟಿಗೆ.

ಇದರಲ್ಲಿ ಬಹಳಷ್ಟು ಗೊತ್ತಾದದ್ದು ಇಲಿಗಳಿಂದ ಎನ್ನುವುದನ್ನು ಮರೆಯಬಾರದು. 1963ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಾನಾಗೇ ಬಿಪಿ ಬರುವ ಇಲಿ ತಳಿಯೊಂದನ್ನು ಬೆಳೆಸಿದರು. ಇಂದಿಗೂ ಅದೇ ದೊಡ್ಡ ಆಧಾರ. ಇನ್ನೊಂದು ತಕರಾರೂ ಇದೆ. ಬಾಗಿಲು ಕೆಟ್ಟು ಬಿಪಿ ಬಂತೋ, ಬಿಪಿ ಬಂದು ಬಾಗಿಲು ಕೆಟ್ಟಿತೋ? ನನ್ನ ಅಂದಾಜಿನಲ್ಲಿ ಎರಡೂ ನಿಜ, ಒಂದು ಇನ್ನೊಂದಕ್ಕೆ ತುಪ್ಪ ಸುರಿಯುತ್ತದೆ.

ಕ್ಯಾಲ್ಸಿಯಂ ಬಾಗಿಲು ಮುಚ್ಚೋ ಗುಳಿಗೆ ತಿಂತಿದ್ದೇನೆ. ಹಾಲು, ಕ್ಯಾಲ್ಸಿಯಂ ಗುಳಿಗೆ ಬಿಡಬೇಕಾ?

ಈ ಪ್ರಶ್ನೆ ಕೇಳಿದ ಅಕ್ಕನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಹೆಸರು ಓದಿ ಯೋಚನೆ ಮಾಡಿದ್ದಾಳೆ ಅಂತಾಯ್ತು. ಬಿಡಬೇಕಾಗಿಲ್ಲ. ಹಾಲು ಕುಡಿದರೆ ರಕ್ತದ ಕ್ಯಾಲ್ಸಿಯಂ ಏರಿ ನಾಳ ಬಿಗಿಯುವುದಿಲ್ಲ. ಆ ಮಟ್ಟವನ್ನು ಹಾರ್ಮೋನುಗಳು ಬಹಳ ಬಿಗಿಯಾಗಿ ಕಾಯುತ್ತವೆ. ಹೊರಗೆ ಹೇಗೂ 10,000 ಪಟ್ಟು ಇದೆ, ಒಂದು ಲೋಟ ಹಾಲು ಹೊಳೆಗೆ ಒಂದು ಕೊಡ ನೀರು ಸುರಿದ ಹಾಗೆ. ಗುಳಿಗೆ ನೋಡಿಕೊಳ್ಳುವುದು ಬಾಗಿಲನ್ನು, ಹೊಳೆಯನ್ನಲ್ಲ. ಮೂಳೆಗೆ ಡಾಕ್ಟರ್ ಬರೆದ ಕ್ಯಾಲ್ಸಿಯಂ ಧಾರಾಳ ತಗೊಳ್ಳಿ.

ಅಮ್ಲೋಡಿಪಿನ್ ಒಳಗೆ ಹೋಗಿ ಏನು ಮಾಡುತ್ತೆ?

ಕ್ಯಾಲ್ಸಿಯಂ ಬಾಗಿಲು ಮುಚ್ಚುವ ಬಿಪಿ ಗುಳಿಗೆ ಎಂದರೆ ಇದೇ. ಎಲ್-ಟೈಪ್ ಬಾಗಿಲಿಗೆ ಅಂಟಿಕೊಂಡು ಅದು ಸುಲಭಕ್ಕೆ ತೆರೆಯದಂತೆ ಮಾಡುತ್ತದೆ. ಹೃದಯದಲ್ಲೂ ಅಂಥದೇ ಬಾಗಿಲುಗಳಿವೆ, ಆದರೆ ಈ ಗುಳಿಗೆಗೆ ನಾಳದ ಮೇಲೇ ಒಲವು. ಇದೇ ಮನೆತನದ ವೆರಾಪಮಿಲ್, ಡಿಲ್ಟಿಯಾಜೆಮ್ ಹೃದಯದ ಮೇಲೆ ಜಾಸ್ತಿ ಕೆಲಸ ಮಾಡುತ್ತವೆ, ಬಡಿತ ನಿಧಾನ ಮಾಡುತ್ತವೆ. ಕ್ಯಾಲ್ಸಿಯಂ ತಡೆಯುವ ಔಷಧ ಎಂಬ ವಿಚಾರವನ್ನೇ ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ 1960ರ ದಶಕದಲ್ಲಿ ಕಟ್ಟಿದರು.

ಗುಳಿಗೆ ಶುರು ಮಾಡಿದ ಮೇಲೆ ಕಾಲು ಊದಿದೆ. ಕಿಡ್ನಿ ಹೋಯ್ತಾ?

ಹೆದರಬೇಡಿ, ಆದರೆ ಸುಮ್ನೆ ಕೂರಲೂ ಬೇಡಿ.

ನಮ್ಮ ಆಯಿಗೆ ಡೋಸ್ 5ರಿಂದ 10 ಮಿಲಿಗ್ರಾಂ ಆದ ಮೇಲೆ ಸಂಜೆ ಹೊತ್ತಿಗೆ ಚಪ್ಪಲಿಯ ಪಟ್ಟಿ ಕಾಲಿನಲ್ಲಿ ಅಚ್ಚೊತ್ತುತ್ತಿತ್ತು. ಬೆರಳಿಂದ ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ತುಂಬುತ್ತಿತ್ತು. ಬೆಳಿಗ್ಗೆ ಎದ್ದಾಗ ಮಾಯ. "ಮಗ ಗುಳಿಗೆ ಅಂಗಡಿ ಇಟ್ಟು ನಂಗೇ ಕಾಲು ಊದಿಸ್ದ" ಎಂದು ಬಂದವರಿಗೆಲ್ಲ ಹೇಳಿದಳು.

ಆದದ್ದು ಇಷ್ಟು. ಗುಳಿಗೆ ಒಳಬರುವ ಸಣ್ಣ ಅಪಧಮನಿಗಳನ್ನು ಅಗಲ ಮಾಡಿತು. ಹೊರಹೋಗುವ ಅಭಿಧಮನಿಗಳು ಮಾತ್ರ ಮೊದಲಿನಷ್ಟೇ ಇದ್ದವು. ಬರುವ ನೀರು ಜಾಸ್ತಿ, ಹೋಗುವ ದಾರಿ ಅಷ್ಟೇ. ನಡುವಿನ ಕೂದಲೆಳೆ ನಾಳಗಳಲ್ಲಿ ಒತ್ತಡ ಏರಿ ನೀರಿನಂಶ ಹೊರಗೆ ಜಿನುಗಿತು. ಮೈಯಲ್ಲಿ ನೀರು ಜಾಸ್ತಿಯಾದದ್ದಲ್ಲ, ಜಾಗ ಬದಲಿಸಿದ್ದು. ಅದಕ್ಕೇ ಮೂತ್ರ ಹೋಗುವ ಗುಳಿಗೆ ಕೊಟ್ಟರೂ ಈ ಊತ ಅಷ್ಟಾಗಿ ಇಳಿಯುವುದಿಲ್ಲ. ಡೋಸ್ ಇಳಿಸಿದರೆ, ಅಥವಾ ಟೆಲ್ಮಿಸಾರ್ಟನ್ ಥರದ ಬೇರೆ ಬಿಪಿ ಗುಳಿಗೆ ಜೊತೆಗಿದ್ದರೆ ಇಳಿಯುತ್ತದೆ. ಅದು ಹೊರದಾರಿಯನ್ನೂ ಅಗಲ ಮಾಡುತ್ತದೆ. ಆಯಿಗೆ ಡಾಕ್ಟರು ಮಾಡಿದ್ದು ಅದನ್ನೇ. ಚಪ್ಪಲಿ ಗುರುತು ಹೋಯಿತು, ದೂರು ಹೋಗಲಿಲ್ಲ.

ಒಂದೇ ಕಾಲು ಊದಿದರೆ, ನೋವು ಇದ್ದರೆ, ಮುಖ ಬಾತುಕೊಂಡರೆ, ಉಸಿರು ಕಟ್ಟಿದರೆ ಅದು ಈ ಲೆಕ್ಕಕ್ಕೆ ಸೇರದು. ಅದೇ ದಿನ ತೋರಿಸಿ. ವಸಡು ಬೆಳೆದು ಹಲ್ಲು ಮುಚ್ಚುವ ತೊಂದರೆಯೂ ಈ ಗುಳಿಗೆಯಿಂದ ಕೆಲವರಿಗೆ ಬರುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಗುಳಿಗೆಯ ಹೆಸರು ಹೇಳಿ.

ಬಿಪಿ ನಾರ್ಮಲ್ ಬಂತು. ಇನ್ನು ಗುಳಿಗೆ ಎಂತಕೆ?

ಬಾಗಿಲಿಗೆ ಕೈ ಒತ್ತಿ ಹಿಡಿದಿದ್ದಕ್ಕೆ ನೀರು ನಿಂತಿದೆ. ಬಾಗಿಲು ರಿಪೇರಿ ಆಗಿಲ್ಲ. ಕೈ ತೆಗೆದರೆ ಮತ್ತೆ ಅದೇ ಸೋರಿಕೆ.

ಆದರೆ ಕೈ ತೆಗೆದದ್ದು ಕೂಡಲೇ ಗೊತ್ತಾಗುವುದಿಲ್ಲ. ಅಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ತಾಸು ಬೇಕು. ಎರಡು ದಿನ ಬಿಟ್ಟರೂ ಬಿಪಿ ಅಷ್ಟಾಗಿ ಏರುವುದಿಲ್ಲ. "ನೋಡಿ, ಗುಳಿಗೆ ಇಲ್ದೇನೂ ನಾರ್ಮಲ್ ಇದೆ" ಎಂದು ಖುಷಿಯಿಂದ ಹೇಳುವವರು ಇವರೇ. ಎರಡು ವಾರ ಬಿಟ್ಟು ಬರಲಿ.

ಇದೇ ಕಾರಣಕ್ಕೆ ತಲೆ ಭಾರ ಅನಿಸಿದ ದಿನ ಮಾತ್ರ ಒಂದು ನುಂಗುವುದು ವ್ಯರ್ಥ. ದಿನಾ ತಗೊಂಡರೆ ಒಂದು ವಾರ ಕಳೆದ ಮೇಲೆ ರಕ್ತದಲ್ಲಿ ಮಟ್ಟ ಸಮ ನಿಲ್ಲುತ್ತದೆ. ಒಂದು ಹೊತ್ತು ಮರೆತರೆ 12 ತಾಸಿನ ಒಳಗೆ ನೆನಪಾದರೆ ತಗೊಳ್ಳಿ, ಇಲ್ಲವಾದರೆ ಮರುದಿನದ್ದು ಸಾಕು. ಎರಡು ಒಟ್ಟಿಗೆ ಬೇಡ. ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿ ಡೋಸ್ ಇಳಿಸಿಕೊಂಡವರು ಇದ್ದಾರೆ. ಅದನ್ನು ಡಾಕ್ಟರ ಜೊತೆ ಕೂತು ಮಾಡಬೇಕು.

ಬಿಪಿ ಒಮ್ಮೆಲೇ ಏರಿದ್ರೆ ನಾಲಿಗೆ ಅಡಿಗೆ ಇಡೋ ಗುಳಿಗೆ ಕೊಡ್ತೀರಾ?

ಕೊಡುವುದಿಲ್ಲ. ಅಪ್ಪಯ್ಯನ ಕಥೆ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ಅವನಿಗೆ ತಲೆ ಸುತ್ತು ಬಂತು. ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಿಪಿ ನೋಡಿ ಗಾಬರಿಯಾದ ಅಲ್ಲಿನವರು ನಿಫೆಡಿಪಿನ್ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ಒಳಗಿನ ದ್ರವವನ್ನು ನಾಲಿಗೆಯ ಕೆಳಗೆ ಬಿಟ್ಟರು. ಆಗ ಅದೇ ರೂಢಿ. ಅರ್ಧ ತಾಸಿನಲ್ಲಿ ಬಿಪಿ ಎಷ್ಟು ಇಳಿಯಿತೆಂದರೆ ಕಣ್ಣು ಕತ್ತಲೆ ಬಂದು ಬೆಂಚಿನಿಂದ ಜಾರಿದ. ಮೈಯೆಲ್ಲ ತಣ್ಣಗೆ, ಅಂಗಿ ಒದ್ದೆ. ಕಾಲು ಎತ್ತಿ ಹಿಡಿದು ಎರಡು ಬಾಟಲಿ ಏರಿಸಿದ ಮೇಲೆ ಮಾತಾಡಿದ.

ಅದೂ ಕ್ಯಾಲ್ಸಿಯಂ ಬಾಗಿಲು ಮುಚ್ಚುವ ಔಷಧವೇ. ಆದರೆ ಎಲ್ಲ ಬಾಗಿಲನ್ನೂ ಒಂದೇ ಏಟಿಗೆ ಮುಚ್ಚಿದರೆ ಮೆದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಪಾರ್ಶ್ವವಾಯು, ಹೃದಯಾಘಾತ ಆಗಬಹುದು. ಹಾಗೆ ಆದದ್ದೂ ಇದೆ. ಆ ಕ್ರಮವನ್ನು ಈಗ ಬೇಡ ಎನ್ನುತ್ತಾರೆ. ವರ್ಷಗಟ್ಟಲೆ ಏರಿದ ಒತ್ತಡವನ್ನು ಅರ್ಧ ತಾಸಿನಲ್ಲಿ ಇಳಿಸುವ ಅವಸರ ಬೇಡ. ಬಿಪಿ 180/120 ದಾಟಿದ್ದು, ಜೊತೆಗೆ ಎದೆನೋವು, ಮಾತು ತೊದಲುವುದು, ಒಂದು ಕಡೆ ಬಲ ಹೋಗುವುದು, ಉಸಿರು ಕಟ್ಟುವುದು ಇದ್ದರೆ ಮಾತ್ರ ಒಂದು ನಿಮಿಷವೂ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಉಪ್ಪಿಗೂ ಈ ಬಾಗಿಲುಗಳಿಗೂ ಏನು ಸಂಬಂಧ?

ಇದಕ್ಕೆ ಮೂತ್ರಪಿಂಡಕ್ಕೆ ಹೋಗಬೇಕು. ಮೂತ್ರದ ಸಣ್ಣ ಕೊಳವೆಗಳ ಕೊನೆಯಲ್ಲಿ ಈನ್ಯಾಕ್ ಎಂಬ ಸೋಡಿಯಂ ಬಾಗಿಲು ಇದೆ. ಹೊರಗೆ ಹೋಗಬೇಕಿದ್ದ ಸೋಡಿಯಂ ಅನ್ನು ಅದು ಮೈಗೆ ವಾಪಸ್ ಎಳೆಯುತ್ತದೆ. ಸೋಡಿಯಂ ಹಿಂದೆ ನೀರೂ ಬರುತ್ತದೆ. ಆಲ್ಡೋಸ್ಟೆರಾನ್ ಹಾರ್ಮೋನ್ ಜಾಸ್ತಿಯಾದರೆ ಈ ಬಾಗಿಲುಗಳೂ ಜಾಸ್ತಿ. ನನ್ನ ಮಟ್ಟಿಗೆ, ನಾಳದ ಬಾಗಿಲುಗಳ ಬಗ್ಗೆ ಎಷ್ಟೇ ಮಾತಾಡಿದರೂ ಬಿಪಿಯ ಅರ್ಧ ಕಥೆ ಇಲ್ಲೇ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಒಂದು ಚಹಾ ಚಮಚ. ಸಾರಿಗೆ ಹಾಕಿದ್ದು, ಮಜ್ಜಿಗೆಗೆ ಹಾಕಿದ್ದು ಎಲ್ಲ ಸೇರಿ. ನಮ್ಮ ಕಡೆಯ ಕಷ್ಟ ಇರುವುದು ಸಾರಿನಲ್ಲಿ ಅಲ್ಲ. ಕರಾವಳಿಯಲ್ಲಿ ಮಳೆಗಾಲಕ್ಕೆ ಒಣಮೀನು, ಘಟ್ಟದ ಮೇಲೆ ಅಪ್ಪೆಮಿಡಿ ಉಪ್ಪಿನಕಾಯಿ, ಎರಡೂ ಕಡೆ ಹಪ್ಪಳ. ಗಂಜಿ ಊಟಕ್ಕೆ ನೆಂಚಿಕೊಳ್ಳಲು ಬೇರೆ ಏನಿದೆ ಎಂದು ಕೇಳುತ್ತಾರೆ. ನನಗೂ ಮಿಡಿ ಬಿಡಲು ಆಗಿಲ್ಲ. ಒಂದು ಮಿಡಿಯನ್ನು ನಾಲ್ಕು ಮಾಡಿ ತಿನ್ನುತ್ತೇನೆ, ರಸ ಬಿಡುತ್ತೇನೆ. ಒಣಮೀನನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ಒಂದಿಷ್ಟು ಉಪ್ಪು ಹೋಗುತ್ತದೆ.

ಸಾಣಿಕಟ್ಟಾ ಉಪ್ಪು ನೈಸರ್ಗಿಕ ಅಲ್ವಾ? ಅದು ತಿಂದ್ರೆ ತೊಂದರೆ ಇಲ್ಲ ಅಂತಾರೆ.

ನಮ್ಮೂರ ಉಪ್ಪಿನ ಮೇಲೆ ನನಗೂ ಅಭಿಮಾನ ಇದೆ. ಆದರೆ ಈನ್ಯಾಕ್ ಬಾಗಿಲಿಗೆ ಊರು ಗೊತ್ತಾಗುವುದಿಲ್ಲ. ಕಲ್ಲುಪ್ಪು, ಪುಡಿಯುಪ್ಪು, ಸೈಂಧವ, ಎಲ್ಲದರಲ್ಲೂ ಮುಖ್ಯವಾಗಿ ಇರುವುದು ಸೋಡಿಯಂ ಕ್ಲೋರೈಡ್.

ಕಡಿಮೆ ಸೋಡಿಯಂ ಉಪ್ಪು ಒಳ್ಳೇದಾ?

ಹಲವರಿಗೆ ಹೌದು, ಕೆಲವರಿಗೆ ಅಪಾಯ. ಅದರಲ್ಲಿ ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಶಿಯಂ ಹಾಕಿರುತ್ತಾರೆ. ಪೊಟ್ಯಾಶಿಯಂ ಜಾಸ್ತಿ ಬಂದರೆ ಮೂತ್ರಪಿಂಡ ಸೋಡಿಯಂ ಅನ್ನು ಹೊರಗೆ ಬಿಡುತ್ತದೆ, ನಾಳವೂ ಸ್ವಲ್ಪ ಸಡಿಲಾಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಹೊರಬಂತು. ನೂರಕ್ಕೆ 25 ಪಾಲು ಪೊಟ್ಯಾಶಿಯಂ ಕ್ಲೋರೈಡ್ ಇದ್ದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಗಿತ್ತು.

ಆದರೆ ಮೂತ್ರಪಿಂಡ ಸೋತವರಿಗೆ, ಸ್ಪೈರೋನೊಲ್ಯಾಕ್ಟೋನ್ ತಗೊಳ್ಳುವವರಿಗೆ, ಟೆಲ್ಮಿಸಾರ್ಟನ್ ಅಥವಾ ಎನಲಾಪ್ರಿಲ್ ಥರದ್ದು ತಗೊಳ್ಳುವವರಿಗೆ ಪೊಟ್ಯಾಶಿಯಂ ರಕ್ತದಲ್ಲಿ ಏರಿ ಹೃದಯದ ಲಯವೇ ತಪ್ಪಬಹುದು. ಇವರು ಕೇಳದೆ ಆ ಉಪ್ಪು ತಗೊಳ್ಳಬಾರದು. ಮೂತ್ರಪಿಂಡ ಸೋತವರು ದಿನಾ ಎಳನೀರು ಕುಡಿಯುವ ಮೊದಲೂ ಒಂದು ಮಾತು ಕೇಳಬೇಕು.

ಕೆಮ್ಮಿಗೆ ಜೇಷ್ಠಮಧು ತಿನ್ನಬಹುದಾ? ಸರ್ಪಗಂಧ?

ಜೇಷ್ಠಮಧು ಒಂದು ದಿನ ಅಗಿದರೆ ದೊಡ್ಡದಲ್ಲ. ವಾರಗಟ್ಟಲೆ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಅದರಲ್ಲಿರುವ ಸಿಹಿ ಅಂಶ ಮೂತ್ರಪಿಂಡದ ಒಂದು ಕಾವಲು ಕಿಣ್ವವನ್ನು ನಿಲ್ಲಿಸುತ್ತದೆ. ಆಗ ಮೈಯ ಕಾರ್ಟಿಸಾಲ್ ಹಾರ್ಮೋನೇ ಆಲ್ಡೋಸ್ಟೆರಾನ್ ವೇಷ ಹಾಕಿ ಈನ್ಯಾಕ್ ಬಾಗಿಲುಗಳನ್ನು ತೆರೆಸುತ್ತದೆ. ಯಕ್ಷಗಾನದ ಊರಿನವರಿಗೆ ವೇಷ ಎಂದರೆ ಸಾಕಲ್ಲ.

ಸರ್ಪಗಂಧ ಬಿಪಿ ಇಳಿಸುವುದು ನಿಜ. ಮುಂಬಯಿಯ ಡಾ. ರುಸ್ತುಂ ಜಲ್ ವಕೀಲ್ 1949ರಲ್ಲಿ ಅದರ ಬಗ್ಗೆ ಬರೆದ ಮೇಲೆ ಜಗತ್ತೇ ಅತ್ತ ನೋಡಿತು. ಆದರೆ ಅದು ಕೆಲಸ ಮಾಡುವುದು ಚಾನೆಲ್ ಮೇಲೆ ಅಲ್ಲ, ನರಗಳ ತುದಿಯಲ್ಲಿ. ಮನಸ್ಸು ಕುಗ್ಗಿಸುವ ಗುಣವೂ ಇದೆ. ಹಿತ್ತಲಿನ ಬೇರಿನಲ್ಲಿ ಎಷ್ಟು ಔಷಧ ಇದೆ ಎಂದು ಅಳೆಯಲು ಆಗುವುದಿಲ್ಲ. ಗುಳಿಗೆಯ ಮೇಲೆ ಅದನ್ನೂ ಕುಡಿಯಬೇಡಿ.

ಪೊಟ್ಯಾಶಿಯಂ ಬಾಗಿಲು ತೆರೆಯೋ ಗುಳಿಗೆ ಇಲ್ವಾ?

ಇದೆ, ಮಿನಾಕ್ಸಿಡಿಲ್. ಬೇರೆ ಯಾವುದಕ್ಕೂ ಬಗ್ಗದ ಬಿಪಿಗೆ ಕೊಡುತ್ತಾರೆ. ತಿಂದವರ ಮೈಮೇಲೆ ಕೂದಲು ಬೆಳೆಯತೊಡಗಿದ್ದೇ ಅದರ ಅದೃಷ್ಟ ಬದಲಾಯಿತು. ಈಗ ನನ್ನ ಅಂಗಡಿಗೆ ಬಿಪಿಗಾಗಿ ಅದನ್ನು ಕೇಳುವವರು ಇಲ್ಲವೇ ಇಲ್ಲ. ತಲೆಗೆ ಹಚ್ಚಲು ಹುಡುಗರು ಬರುತ್ತಾರೆ, ಅದೂ ಅಂಗಡಿ ಖಾಲಿ ಇರುವ ಹೊತ್ತು ನೋಡಿ.

ತಂಬಾಕಿನ ಕವಳಕ್ಕೂ ಬಿಪಿಗೂ ಸಂಬಂಧ ಇದೆಯಾ?

ಇದೆ. ನಿಕೋಟಿನ್ ನರಗಳನ್ನು ಕೆರಳಿಸಿ ನಾಳ ಬಿಗಿಸುತ್ತದೆ. ಕವಳ ಹಾಕಿದ ಅರ್ಧ ತಾಸಿನೊಳಗೆ ಬಿಪಿ ನೋಡಿಸಬೇಡಿ.

ಶಿರಸಿಯಲ್ಲಿ ಮಗಳ ಮನೆಗೆ ಹೋದ್ರೆ ಬಿಪಿ ಜಾಸ್ತಿ, ಇಲ್ಲಿಗೆ ಇಳಿದ್ರೆ ಕಮ್ಮಿ. ಘಟ್ಟದ ಎತ್ತರಕ್ಕಾ?

ಆ ಎತ್ತರ ಲೆಕ್ಕಕ್ಕಿಲ್ಲ. ಚಳಿ ಕಾರಣ ಇರಬಹುದು. ಚಳಿಗೆ ನಾಳ ಬಿಗಿಯುತ್ತದೆ. ಮಗಳ ಮನೆಯ ಉಪ್ಪಿನಕಾಯಿ ಭರಣಿಯೂ ಕಾರಣ ಇರಬಹುದು.

ಮನೆಯಲ್ಲಿ ಎಲ್ಲರಿಗೂ ಬಿಪಿ. ಬಾಗಿಲು ಕೆಟ್ಟಿದ್ದು ವಂಶದಿಂದ ಬರುತ್ತಾ?

ಸಾಮಾನ್ಯ ಬಿಪಿಯಲ್ಲಿ ಬಹಳ ಜೀನುಗಳು ಸ್ವಲ್ಪ ಸ್ವಲ್ಪ ಕೈ ಹಾಕುತ್ತವೆ. ಒಂದೇ ಬಾಗಿಲು ಕೆಟ್ಟು ಬರುವ ಬಿಪಿ ಅಪರೂಪ, ಆದರೆ ಕಲಿಯಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಲಿಡಲ್ ಸಿಂಡ್ರೋಮ್ ಎಂಬುದನ್ನು 1963ರಲ್ಲಿ ಗುರುತಿಸಿದರು. ಅದರಲ್ಲಿ ಈನ್ಯಾಕ್ ಬಾಗಿಲುಗಳು ಹೋಗಬೇಕಾದ ಕಾಲಕ್ಕೆ ಹೋಗದೆ ಉಳಿದುಬಿಡುತ್ತವೆ. ಅದಕ್ಕೆ ಆ ಬಾಗಿಲನ್ನೇ ಮುಚ್ಚುವ ಅಮಿಲೋರೈಡ್ ಬೇಕು.

ಇನ್ನೊಂದು ಅಷ್ಟು ಅಪರೂಪ ಅಲ್ಲ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಬೆಳೆದು ಆಲ್ಡೋಸ್ಟೆರಾನ್ ಸುರಿಸುತ್ತದೆ. ಇಂಥ ಎಷ್ಟೋ ಗಡ್ಡೆಗಳಲ್ಲಿ ಒಂದು ಪೊಟ್ಯಾಶಿಯಂ ಬಾಗಿಲು ಕೆಟ್ಟಿರುತ್ತದೆ ಎಂದು 2011ರಲ್ಲಿ ತಿಳಿಯಿತು. ಪೊಟ್ಯಾಶಿಯಂ ಬಾಗಿಲಲ್ಲಿ ಸೋಡಿಯಂ ನುಸುಳುತ್ತದೆ, ವೋಲ್ಟೇಜ್ ಅಂತರ ಕುಗ್ಗುತ್ತದೆ, ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ, ಹಾರ್ಮೋನ್ ಹೊರಬೀಳುತ್ತದೆ. ನಾಳದಲ್ಲಿ ಕಂಡ ಆಟವೇ, ಬೇರೆ ಅಂಗಳದಲ್ಲಿ. ಇದು ವಂಶದಿಂದ ಬಂದದ್ದಲ್ಲ, ಹೆಚ್ಚಾಗಿ ಆ ಗಡ್ಡೆಯಲ್ಲೇ ಆದ ಬದಲಾವಣೆ. ಚಿಕ್ಕ ವಯಸ್ಸಿಗೇ ಬಿಪಿ, ಮೂರು ಗುಳಿಗೆಗೂ ಬಗ್ಗದ ಬಿಪಿ, ಅಥವಾ ಬಿಪಿ ಜೊತೆ ಪೊಟ್ಯಾಶಿಯಂ ಕಡಿಮೆ ಇದ್ದರೆ ಆಲ್ಡೋಸ್ಟೆರಾನ್ ಮತ್ತು ರೆನಿನ್ ಪರೀಕ್ಷೆ ಬೇಕಾ ಎಂದು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಕೆಲವರಿಗೆ ಗಡ್ಡೆ ತೆಗೆದರೆ ಗುಳಿಗೆಯೇ ಬೇಡವಾಗುತ್ತದೆ.

ನನ್ನ ನಾಳದ ಯಾವ ಬಾಗಿಲು ಕೆಟ್ಟಿದೆ ಅಂತ ನೋಡೋ ಟೆಸ್ಟ್ ಉಂಟಾ, ತಮಾ?

ಲ್ಯಾಬಿನಲ್ಲಿ ರಕ್ತ ಕೊಟ್ಟು ತಿಳಿಯುವಂಥದ್ದು ಇಲ್ಲ. ಚಾನೆಲ್ ಅಳೆಯಲು ನಾಳದ ಕೋಶವನ್ನೇ ತೆಗೆದು ಗಾಜಿನ ಸೂಜಿ ತಾಗಿಸಬೇಕು. ಅದು ಸಂಶೋಧನೆಯವರ ಕೆಲಸ. ನೀವು ಮಾಡಬಹುದಾದದ್ದು ಒಂದು ಹಳೇ ನೋಟ್‌ಬುಕ್ ಇಡುವುದು. ಐದು ನಿಮಿಷ ಸುಮ್ನೆ ಕೂತು, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಮಾತಾಡದೆ ಬಿಪಿ ನೋಡಿಕೊಳ್ಳಿ. ಬೆಳಿಗ್ಗೆ ಗುಳಿಗೆಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ, ಒಂದು ವಾರ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಆ ನೋಟ್‌ಬುಕ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ತಿನ್ನುವ ಗುಳಿಗೆಗಳ ಖಾಲಿ ಸ್ಟ್ರಿಪ್ಪನ್ನೂ ಒಯ್ಯಿರಿ. "ಬಿಳೀದು, ಸಣ್ಣದು, ಗುಂಡಗಿರೂದು" ಅಂದರೆ ನನ್ನ ಅಂಗಡಿಯಲ್ಲೇ ಅಂಥವು ಎಷ್ಟೋ ಇವೆ.